ನವಜಾತ ಶಿಶುವಿನ ತೂಕ: ವಂಶದ ಪಾಲೆಷ್ಟು, ಗರ್ಭದ ಪಾಲೆಷ್ಟು?

ಹೆರಿಗೆಯ ಸುದ್ದಿ ಮನೆಗೆ ಮುಟ್ಟಿದಾಗ ಕೇಳಿಬರುವ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದು. ಎರಡನೆಯದು, ಮಗು ಎಷ್ಟು ತೂಕವಿದೆ ಎಂಬುದು. ತೂಕ ಕಡಿಮೆಯೆಂದು ದಾದಿ ತಿಳಿಸಿದರೆ ಮನೆಯ ಹಿರಿಯರೊಬ್ಬರು ಸಮಾಧಾನದ ಮಾತನ್ನಾಡುತ್ತಾರೆ: "ನಮ್ಮ ಮನೆತನದಲ್ಲಿ ಹುಟ್ಟುವಾಗ ಎಲ್ಲರೂ ಸಣ್ಣವರೇ. ಇದರ ಅಪ್ಪನೂ ಹೀಗೆಯೇ ಇದ್ದ." ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಒಂದು ಮನೆತನವನ್ನು ಕುರಿತ ಇದೇ ಮಾತನ್ನು ಇಡೀ ದೇಶಕ್ಕೆ ಅನ್ವಯಿಸಿ, ಭಾರತದ ಶಿಶುಗಳು ಸಣ್ಣವಾಗಿರುವುದು ನಮ್ಮ ವಂಶಗುಣ, ಅದಕ್ಕೆ ಮಾಡತಕ್ಕದ್ದು ಏನೂ ಇಲ್ಲ ಎಂದು ವಾದಿಸುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಈ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸಲು ನಾವು ದೂರ ಹೋಗಬೇಕಾಗಿಲ್ಲ. ಉತ್ತರದ ಒಂದು ಮುಖ್ಯ ಭಾಗ ದೊರೆತಿರುವುದು ಮೈಸೂರು ನಗರದ ಒಂದು ಹಳೆಯ ಆಸ್ಪತ್ರೆಯ ದಾಖಲೆಗಳಲ್ಲಿ.

ಎರಡೂವರೆ ಕಿಲೋಗ್ರಾಂಗಿಂತ, ಅಂದರೆ 2,500 ಗ್ರಾಂಗಿಂತ, ಕಡಿಮೆ ತೂಕವಿರುವ ನವಜಾತ ಶಿಶುವನ್ನು 'ಕಡಿಮೆ ಜನನ ತೂಕದ ಶಿಶು' ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ತೂಕ ದಾಖಲಾದ ಶಿಶುಗಳಲ್ಲಿ ನೂರಕ್ಕೆ ಸುಮಾರು 18 ಈ ಗುಂಪಿಗೆ ಸೇರಿದ್ದವು. ತೂಕ ಕಡಿಮೆಯಾಗಲು ಎರಡು ದಾರಿಗಳಿವೆ. ಮಗು ದಿನ ತುಂಬುವ ಮೊದಲೇ ಹುಟ್ಟಿರಬಹುದು. ಇಲ್ಲವೇ ದಿನ ತುಂಬಿದ್ದರೂ ಗರ್ಭದಲ್ಲಿ ಸರಿಯಾಗಿ ಬೆಳೆಯದೆ ಇರಬಹುದು. ನಮ್ಮಲ್ಲಿ ಎರಡನೆಯ ಬಗೆಯ ಶಿಶುಗಳು ಬಹಳ. ಈ ಲೇಖನದ ವಿಷಯವೂ ಅದೇ.

ತಾಯಿ ಎರಡು ಸಲ ಕೊಡುತ್ತಾಳೆ

ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಗಳಿವೆ. ಅವುಗಳಲ್ಲಿ ಸುಮಾರು 300 ಕೋಟಿ 'ಅಕ್ಷರ'ಗಳಲ್ಲಿ ಬರೆದ ಬರಹ ಅಡಗಿದೆ ಎಂದು ಭಾವಿಸಬಹುದು. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಮಗುವಿಗೆ ಬರುತ್ತದೆ. ಯಾವ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಈ ಬರಹ ಬಹುಪಾಲು ಒಂದೇ. ಸರಿಸುಮಾರು ಸಾವಿರ ಅಕ್ಷರಗಳಿಗೊಂದರಂತೆ ಮಾತ್ರ ವ್ಯತ್ಯಾಸ. ಈ ವ್ಯತ್ಯಾಸಗಳನ್ನೇ ವಂಶವಾಹಿಗಳ ವೈವಿಧ್ಯ ಎನ್ನುವುದು. ಬಣ್ಣ, ಎತ್ತರ, ಕೂದಲಿನ ಸುರುಳಿ ಇವುಗಳಂತೆಯೇ ಹುಟ್ಟುವಾಗಿನ ತೂಕದ ಮೇಲೆಯೂ ಇವುಗಳ ಪ್ರಭಾವ ಇದ್ದೇ ಇದೆ.

ಆದರೆ ಜನನ ತೂಕದ ವಿಷಯದಲ್ಲಿ ಒಂದು ತೊಡಕಿದೆ. ಎತ್ತರದ ವಿಚಾರದಲ್ಲಿ ತಂದೆತಾಯಿಗಳದು ಸಮಪಾಲು. ಇಲ್ಲಿ ಹಾಗಲ್ಲ. ತಾಯಿ ತನ್ನ ವಂಶವಾಹಿಗಳ ಅರ್ಧವನ್ನು ಮಗುವಿಗೆ ಕೊಡುವುದಷ್ಟೇ ಅಲ್ಲ, ಮಗು ಒಂಬತ್ತು ತಿಂಗಳು ಬೆಳೆಯುವ ಮನೆಯೂ ಅವಳೇ ಆಗಿರುತ್ತಾಳೆ. ಅವಳ ಎತ್ತರ, ಗರ್ಭಕೋಶದ ಅಳತೆ, ರಕ್ತದಲ್ಲಿನ ಸಕ್ಕರೆ, ರಕ್ತದ ಒತ್ತಡ, ಮಾಸಿನ ಮೂಲಕ ಹರಿಯುವ ಆಹಾರ ಇವೆಲ್ಲವೂ ಮಗುವಿನ ಬೆಳವಣಿಗೆಯನ್ನು ನಿರ್ಧರಿಸುತ್ತವೆ. ಇವುಗಳ ಹಿಂದೆ ತಾಯಿಯ ವಂಶವಾಹಿಗಳೂ ಇವೆ, ಅವಳು ಉಂಡ ಊಟವೂ ಇದೆ, ಅವಳು ಹುಡುಗಿಯಾಗಿದ್ದಾಗ ಉಣ್ಣದೆ ಉಳಿದದ್ದೂ ಇದೆ. ಬೀಜವೇ ಪ್ರಧಾನ, ಕ್ಷೇತ್ರ ನಿಮಿತ್ತಮಾತ್ರ ಎಂಬ ಹಳೆಯ ನಂಬಿಕೆಯೊಂದು ನಮ್ಮಲ್ಲಿತ್ತು. ವಿಜ್ಞಾನ ಹೇಳುವುದು ಬೇರೆ: ತಾಯಿ ಬೀಜದಲ್ಲಿಯೂ ಪಾಲುಗಾರ್ತಿ, ಕ್ಷೇತ್ರಕ್ಕಂತೂ ಅವಳೊಬ್ಬಳೇ ಒಡತಿ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಕುದುರೆಗಳು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಭಾರಿ ಗಾತ್ರದ ಷೈರ್ ತಳಿಯನ್ನೂ ಕುಳ್ಳಾದ ಶೆಟ್ಲೆಂಡ್ ತಳಿಯನ್ನೂ ಕೃತಕ ಗರ್ಭಧಾರಣೆಯಿಂದ ಎರಡೂ ದಿಕ್ಕಿನಲ್ಲಿ ಸಂಕರಗೊಳಿಸಿ 1938ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಬಗೆಯ ಮರಿಗಳಲ್ಲಿಯೂ ತಳಿಗಳ ಬೆರಕೆ ಅರ್ಧಕ್ಕೆ ಅರ್ಧ. ಆದರೂ ಷೈರ್ ತಾಯಿಗೆ ಹುಟ್ಟಿದ ಮರಿ ದೊಡ್ಡದಾಗಿತ್ತು. ಶೆಟ್ಲೆಂಡ್ ತಾಯಿಗೆ ಹುಟ್ಟಿದ್ದು ಶುದ್ಧ ಶೆಟ್ಲೆಂಡ್ ಮರಿಯಷ್ಟೇ ಚಿಕ್ಕದಾಗಿತ್ತು. ತಂದೆ ಎಷ್ಟೇ ಭಾರಿಯಾಗಿದ್ದರೂ ಪುಟ್ಟ ತಾಯಿಯ ಗರ್ಭ ಮರಿಯನ್ನು ತನ್ನ ಅಳತೆಗೆ ಹಿಡಿದಿಟ್ಟಿತ್ತು. ಮನುಷ್ಯರಲ್ಲಿ ಇಂಥ ಪ್ರಯೋಗ ಮಾಡಲಾಗದು. ಆದರೆ ಬೇರೊಬ್ಬ ಸ್ತ್ರೀಯ ಅಂಡಾಣುವನ್ನು ಪಡೆದು ಬಸಿರಾದ ತಾಯಂದಿರ ಮಕ್ಕಳನ್ನು ಪರಿಶೀಲಿಸಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಸೂಚಿಸಿತು. ಶಿಶುವಿನ ತೂಕ ಹೊಂದಿಕೊಂಡದ್ದು ಹೊತ್ತ ತಾಯಿಯ ಮೈತೂಕಕ್ಕೆ, ಅಂಡಾಣು ಕೊಟ್ಟವಳ ತೂಕಕ್ಕಲ್ಲ.

ಮೈಸೂರಿನ ದಾಖಲೆಗಳು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಕರೆಯುವುದು ಮಿಷನ್ ಆಸ್ಪತ್ರೆ ಎಂದು. 20ನೆಯ ಶತಮಾನದ ಆದಿಯಲ್ಲಿ ಸ್ಥಾಪಿತವಾದ ಈ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಅಚ್ಚುಕಟ್ಟಾಗಿ ಬರೆದಿಡಲಾಗಿತ್ತು. ತಾವು ಬರೆಯುತ್ತಿರುವ ಅಂಕಿಗಳು ಅರವತ್ತು ವರ್ಷಗಳ ನಂತರ ವೈದ್ಯಶಾಸ್ತ್ರಕ್ಕೆ ಬೇಕಾಗುತ್ತವೆಂದು ಆ ದಾದಿಯರಿಗೆ ಹೊಳೆದಿರಲಿಕ್ಕಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಅವರ ತಂಡ, ಹುಟ್ಟುವಾಗ ಸಣ್ಣವರಾಗಿದ್ದವರಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಹೆಚ್ಚು ಎಂಬುದನ್ನು ಅಲ್ಲಿನ ಹಳೆಯ ದಾಖಲೆಗಳಿಂದ ಕಂಡುಕೊಂಡಿತ್ತು. ಭಾರತದಲ್ಲಿಯೂ ಇದು ನಿಜವೇ ಎಂದು ನೋಡಲು ಅವರಿಗೆ ಒದಗಿದ್ದು ಮೈಸೂರಿನ ಈ ಕಡತ.

1934ರಿಂದ 1954ರವರೆಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ, ಇನ್ನೂ ಅದರ ಸುತ್ತಮುತ್ತ ವಾಸವಾಗಿದ್ದ 517 ಮಂದಿಯನ್ನು ಗುರುತಿಸಿ ಪರೀಕ್ಷಿಸಲಾಯಿತು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3. ತಾವೂ ಸಣ್ಣದಾಗಿ ಹುಟ್ಟಿ, ಬಸಿರಿನಲ್ಲಿ ತಾಯಿಯೂ 45 ಕಿಲೋಗಿಂತ ಕಡಿಮೆ ತೂಕವಿದ್ದವರಲ್ಲಿ ಇದು ನೂರಕ್ಕೆ 20ರವರೆಗೂ ಏರಿತ್ತು. ತೂಕದ ಪ್ರಶ್ನೆ ತೊಟ್ಟಿಲಿಗೆ ಮುಗಿಯುವುದಿಲ್ಲ ಎಂಬುದು ಇದರಿಂದ ಖಚಿತವಾಯಿತು.

ಆದರೆ ಎರಡು ವರ್ಷಗಳ ಅನಂತರ, 1998ರಲ್ಲಿ, ಅದೇ ಜನರ ಸಕ್ಕರೆ ಕಾಯಿಲೆಯ ಲೆಕ್ಕ ಹೊರಬಂದಾಗ ಸಂಶೋಧಕರೇ ಹುಬ್ಬೇರಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಈ ಕಾಯಿಲೆಯೂ ಕಡಿಮೆ ತೂಕದವರಲ್ಲಿಯೇ ಹೆಚ್ಚಾಗಿತ್ತು. ಮೈಸೂರಿನಲ್ಲಿ ಹಾಗಿರಲಿಲ್ಲ. ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ, ಬಸಿರಿನಲ್ಲಿ ಭಾರವಾಗಿದ್ದ ತಾಯಂದಿರ ಮಕ್ಕಳಲ್ಲಿ, ಸಕ್ಕರೆ ಕಾಯಿಲೆ ಹೆಚ್ಚು ಕಂಡುಬಂತು. ಆ ತಾಯಂದಿರಲ್ಲಿ ಕೆಲವರಿಗೆ ಗರ್ಭಕಾಲದಲ್ಲಿ ಸಕ್ಕರೆ ಏರಿದ್ದಿರಬೇಕೆಂದು ಸಂಶೋಧಕರು ಊಹಿಸಿದರು. 1940ರ ದಶಕದ ತಾಯಂದಿರ ರಕ್ತವನ್ನು ಈಗ ಪರೀಕ್ಷಿಸುವಂತಿಲ್ಲ. ಆದುದರಿಂದ ಹೊಸ ತಾಯಂದಿರಿಂದ ಹೊಸದಾಗಿಯೇ ಆರಂಭಿಸಬೇಕಾಯಿತು.

ಸಕ್ಕರೆ, ಇನ್ಸುಲಿನ್ ಮತ್ತು ಶಿಶು

1997ರ ಜೂನ್‌ನಿಂದ 1998ರ ಆಗಸ್ಟ್‌ವರೆಗೆ ಅದೇ ಆಸ್ಪತ್ರೆಯ ಗರ್ಭಿಣಿಯರ ತಪಾಸಣಾ ವಿಭಾಗಕ್ಕೆ ಬಂದ 830 ಸ್ತ್ರೀಯರು ಈ ಎರಡನೆಯ ಅಧ್ಯಯನದಲ್ಲಿ ಸೇರಿಕೊಂಡರು. ಗ್ಲುಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ನಡೆಸಿದಾಗ ನೂರಕ್ಕೆ 6 ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಅವರ ಶಿಶುಗಳ ಸರಾಸರಿ ತೂಕ ಸುಮಾರು 3.3 ಕಿಲೋ. ಉಳಿದವರ ಶಿಶುಗಳದು 3 ಕಿಲೋ ಒಳಗೆ. ತೂಕ ಹೆಚ್ಚಾಯಿತೆಂದು ಸಂತೋಷಪಡುವಂತಿರಲಿಲ್ಲ. ಐದು ವರ್ಷ ತುಂಬುವ ವೇಳೆಗೆ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೊಬ್ಬಿನ ಅಂಶವೂ ರಕ್ತದಲ್ಲಿನ ಇನ್ಸುಲಿನ್ ಮಟ್ಟವೂ ಇತರರಿಗಿಂತ ಏರಿದ್ದವು.

ಇದು ವಂಶದಿಂದ ಬಂದದ್ದೋ ಗರ್ಭದಿಂದ ಬಂದದ್ದೋ? ಇದನ್ನು ಬಿಡಿಸಲು ಡಾ. ಜಿ. ವಿ. ಕೃಷ್ಣವೇಣಿ ಮತ್ತು ಅವರ ಸಹೋದ್ಯೋಗಿಗಳು ಅನುಸರಿಸಿದ ಉಪಾಯ ಸರಳವಾದುದು. ತಂದೆಗೆ ಮಾತ್ರ ಸಕ್ಕರೆ ಕಾಯಿಲೆ ಇದ್ದ ಮಕ್ಕಳನ್ನು ಅವರು ಬೇರೆಯಾಗಿ ನೋಡಿದರು. ತಂದೆಯ ವಂಶವಾಹಿಗಳು ಮಗುವಿಗೆ ಬರುತ್ತವೆ, ತಂದೆಯ ರಕ್ತದ ಸಕ್ಕರೆ ಬರುವುದಿಲ್ಲ. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಹುಟ್ಟುವಾಗ ದಪ್ಪವಾಗಿರಲಿಲ್ಲ. ಬದಲಿಗೆ ಇತರರಿಗಿಂತ ಹಗುರವಾಗಿದ್ದರು. ಒಂಬತ್ತೂವರೆ ವರ್ಷದಲ್ಲಿ ಅವರ ಮೈಕಟ್ಟು ಉಳಿದ ಮಕ್ಕಳಂತೆಯೇ ಇತ್ತು. ಒಂದೇ ಕಾಯಿಲೆ, ತಾಯಿಗಿದ್ದರೆ ಮಗು ಭಾರ, ತಂದೆಗಿದ್ದರೆ ಹಗುರ.

ಈ ಒಗಟಿನ ಕೀಲಿ ಇನ್ಸುಲಿನ್‌ನಲ್ಲಿದೆ. ತಾಯಿಯ ಸಕ್ಕರೆ ಮಾಸನ್ನು ದಾಟಿ ಭ್ರೂಣಕ್ಕೆ ಹೋಗುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಹೆಚ್ಚಾದಾಗ ಭ್ರೂಣ ತನ್ನ ಮೇದೋಜೀರಕ ಗ್ರಂಥಿಯಿಂದ ತಾನೇ ಇನ್ಸುಲಿನ್ ಸುರಿಸುತ್ತದೆ. ಗರ್ಭದಲ್ಲಿ ಇನ್ಸುಲಿನ್ನಿನ ಮುಖ್ಯ ಕೆಲಸ ಬೆಳೆಸುವುದು. ಆದುದರಿಂದ ಮಗು ದಪ್ಪವಾಗುತ್ತದೆ. ಇನ್ಸುಲಿನ್ ಸುರಿಸುವ ಶಕ್ತಿಯನ್ನು ಕುಗ್ಗಿಸುವ ವಂಶವಾಹಿ ಮಗುವಿಗೇ ಬಂದಿದ್ದರೆ ಅದು ಸಣ್ಣದಾಗುತ್ತದೆ. ಗ್ಲುಕೋಕೈನೇಸ್ ಎಂಬ ಒಂದೇ ವಂಶವಾಹಿಯಲ್ಲಿ ದೋಷವಿರುವ ಕುಟುಂಬಗಳನ್ನು ಇಂಗ್ಲೆಂಡಿನ ಆಂಡ್ರ್ಯೂ ಹ್ಯಾಟರ್ಸ್‌ಲಿ ಮತ್ತು ಸಂಗಡಿಗರು ಪರಿಶೀಲಿಸಿ 1998ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ದೋಷ ಮಗುವಿಗೆ ಮಾತ್ರ ಬಂದರೆ ಜನನ ತೂಕ ಅರ್ಧ ಕಿಲೋಗ್ರಾಂನಷ್ಟು ಕಡಿಮೆ. ತಾಯಿಗೆ ಮಾತ್ರ ಇದ್ದರೆ ಅರ್ಧ ಕಿಲೋಗ್ರಾಂಗಿಂತ ಹೆಚ್ಚು. ಇಬ್ಬರಿಗೂ ಇದ್ದರೆ ಒಂದನ್ನೊಂದು ಸರಿದೂಗಿಸಿಕೊಂಡು ಮಗು ಸಾಮಾನ್ಯ ತೂಕದ್ದೇ. ತಕ್ಕಡಿಯ ಮುಳ್ಳು ಒಂದೇ ಕಡೆ ನಿಂತಿದ್ದರೂ ಎರಡು ತಟ್ಟೆಗಳಲ್ಲಿ ಏನೇನಿದೆ ಎಂಬುದು ಮುಳ್ಳನ್ನು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ.

ನೂರಾರು ಸಣ್ಣ ಪಾಲುಗಳು

ಗ್ಲುಕೋಕೈನೇಸ್‌ನಂಥ ದೊಡ್ಡ ಪರಿಣಾಮದ ದೋಷಗಳು ಅಪರೂಪ. ಸಾಮಾನ್ಯ ಜನರಲ್ಲಿ ತೂಕದ ಏರಿಳಿತಕ್ಕೆ ಕಾರಣವಾಗುವವು ಸಣ್ಣ ಸಣ್ಣ ಪರಿಣಾಮದ ನೂರಾರು ವ್ಯತ್ಯಾಸಗಳು. ಅವುಗಳ ಹುಡುಕಾಟ ಆರಂಭವಾದದ್ದು ಇತ್ತೀಚೆಗೆ. 2010ರಲ್ಲಿ ಯೂರೋಪಿನ ಜನರಲ್ಲಿ ಇಂಥ ಎರಡು ತಾಣಗಳು ಪತ್ತೆಯಾದವು. 2016ರ ವೇಳೆಗೆ ಅವು 60 ಆದವು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ಷಾಂತರ ಜನರ ಮಾಹಿತಿಯ ಆಧಾರದಿಂದ, 190ಕ್ಕೆ ಏರಿದವು. ಮುಖ್ಯವಾದ ಮಾತೆಂದರೆ, ಈ ಅಧ್ಯಯನ ಮಗುವಿನ ವಂಶವಾಹಿಗಳ ಪ್ರಭಾವವನ್ನೂ ತಾಯಿಯ ವಂಶವಾಹಿಗಳ ಪ್ರಭಾವವನ್ನೂ ಬೇರೆ ಬೇರೆಯಾಗಿ ಅಳೆಯಿತು. ಕೆಲವು ವ್ಯತ್ಯಾಸಗಳು ಮಗುವಿನಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತವೆ, ಕೆಲವು ತಾಯಿಯಲ್ಲಿದ್ದರೆ ಮಾತ್ರ. ಇನ್ನು ಕೆಲವು ತಾಯಿಯಲ್ಲಿ ಒಂದು ದಿಕ್ಕಿಗೂ ಮಗುವಿನಲ್ಲಿ ಇನ್ನೊಂದು ದಿಕ್ಕಿಗೂ ಎಳೆಯುತ್ತವೆ.

ಇವೆಲ್ಲವೂ ಯೂರೋಪಿನ ಮಾತಾಯಿತು. ನಮ್ಮ ಶಿಶುಗಳಲ್ಲಿ? ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಡಾ. ಗಿರಿರಾಜ್ ಚಾಂಡಕ್ ಅವರ ತಂಡ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮೈಸೂರಿನ 1997-98ರ ಮಕ್ಕಳು, ಪುಣೆಯ ಮತ್ತು ಮುಂಬಯಿಯ ಮಕ್ಕಳು, ಬಾಂಗ್ಲಾದೇಶ ಮೂಲದ ಮಕ್ಕಳು, ಹೀಗೆ ಏಳು ಸಮೂಹಗಳ ಮಾಹಿತಿಯನ್ನು ಒಟ್ಟುಗೂಡಿಸಿ, ಯೂರೋಪಿನಲ್ಲಿ ಗುರುತಿಸಲಾಗಿದ್ದ 196 ವ್ಯತ್ಯಾಸಗಳಿಂದ ಪ್ರತಿ ಮಗುವಿಗೂ ಪ್ರತಿ ತಾಯಿಗೂ ಒಂದು 'ಅಂಕ' ಕಟ್ಟಲಾಯಿತು. ತೂಕ ಏರಿಸುವ ವ್ಯತ್ಯಾಸಗಳು ಹೆಚ್ಚಿದ್ದರೆ ಅಂಕ ಹೆಚ್ಚು. 2022ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಮಗುವಿನ ಅಂಕ ಒಂದು ಪ್ರಮಾಣಿತ ಮೆಟ್ಟಿಲು ಏರಿದರೆ ಜನನ ತೂಕ ಸುಮಾರು 51 ಗ್ರಾಂ ಏರುತ್ತದೆ, ತಾಯಿಯ ಅಂಕ ಅಷ್ಟೇ ಏರಿದರೆ ಸುಮಾರು 34 ಗ್ರಾಂ. ಪ್ರಮಾಣಿತ ಮೆಟ್ಟಿಲು ಎಂದರೆ ಜನರ ಅಂಕಗಳಲ್ಲಿ ಸಾಮಾನ್ಯವಾಗಿ ಕಾಣುವ ಏರಿಳಿತದ ಅಳತೆ; ನೂರು ಜನರಲ್ಲಿ ಸುಮಾರು 68 ಮಂದಿ ಸರಾಸರಿಗಿಂತ ಒಂದು ಮೆಟ್ಟಿಲು ಮೇಲೆ ಕೆಳಗೆ ಇರುತ್ತಾರೆ.

ಮಗುವಿನ ಅಂಕದ ಪರಿಣಾಮ ಯೂರೋಪಿನ ಮಕ್ಕಳಲ್ಲಿ ಎಷ್ಟೋ ನಮ್ಮ ಮಕ್ಕಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಆದರೆ ತೂಕದ ಅಂತರವನ್ನು ನೋಡಿ. ಪುಣೆಯ ಸಮೀಪದ ಹಳ್ಳಿಗಳಲ್ಲಿ ದಿನ ತುಂಬಿ ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಸೌತಾಂಪ್ಟನ್‌ನಲ್ಲಿ ಸುಮಾರು 3.5 ಕಿಲೋ. ಅಂತರ 800 ಗ್ರಾಂ! ಐವತ್ತು ಗ್ರಾಂನ ಮೆಟ್ಟಿಲುಗಳಿಂದ ಈ ಬೆಟ್ಟವನ್ನು ವಿವರಿಸಲಾಗದು. ಈವರೆಗೆ ತಿಳಿದ ವಂಶವಾಹಿಗಳ ಹೊರಗಿನ ಕಾರಣಗಳು, ಅಂದರೆ ತಾಯಿಯ ಮೈಕಟ್ಟು, ಆರೋಗ್ಯ, ಪೋಷಣೆ, ಪರಿಸರ ಇವು ದೊಡ್ಡ ಪಾತ್ರ ವಹಿಸುತ್ತಿರಬೇಕೆಂದು ಸಂಶೋಧಕರು ತೀರ್ಮಾನಿಸಿದರು. ನಮ್ಮ ಜನರಲ್ಲಿ ಮಾತ್ರ ಇರುವ ಬೇರೆ ವ್ಯತ್ಯಾಸಗಳು ಮುಂದೆ ದೊರೆಯಬಹುದು, ಅದನ್ನು ಅಲ್ಲಗಳೆಯಲಾಗದು. ಆದರೆ 'ಎಲ್ಲವೂ ವಂಶಗುಣ' ಎಂಬ ವಾದಕ್ಕೆ ಈ ಅಂಕಿಗಳಲ್ಲಿ ಆಸರೆ ಇಲ್ಲ. ಮನೆತನದ ಒಳಗೆ ಒಂದು ಮಗು ಇನ್ನೊಂದಕ್ಕಿಂತ ತುಸು ಭಾರವಾಗಲು ವಂಶವಾಹಿ ಕಾರಣವಾಗಬಹುದು. ಎರಡು ದೇಶಗಳ ಅಂತರಕ್ಕೆ ಅದೇ ಕಾರಣವಾಗಬೇಕೆಂಬ ನಿಯಮವಿಲ್ಲ.

ಅಜ್ಜಿಯ ಗರ್ಭದಿಂದ ಆರಂಭ

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದುದೇ. ಬ್ರಿಟನ್ನಿನಲ್ಲಿ ನೆಲೆಸಿದ ಭಾರತ ಮೂಲದ ಕುಟುಂಬಗಳಲ್ಲಿ ಊಟಕ್ಕೆ ಕೊರತೆಯಿಲ್ಲ, ಆಸ್ಪತ್ರೆಗೂ ಕೊರತೆಯಿಲ್ಲ. ಆದರೂ ಅಲ್ಲಿಯೇ ಹುಟ್ಟಿ ಬೆಳೆದ ಎರಡನೆಯ ತಲೆಮಾರಿನ ತಾಯಂದಿರ ಶಿಶುಗಳೂ ಅಲ್ಲಿನ ಬಿಳಿಯರ ಶಿಶುಗಳ ತೂಕವನ್ನು ಮುಟ್ಟಿಲ್ಲ. ಹಾಗಾದರೆ ವಂಶವೇ ಕಾರಣವಲ್ಲವೇ?

ಅವಸರ ಪಡಬಾರದು. ಹೆಣ್ಣುಮಗುವಿನ ಅಂಡಾಣುಗಳು ರೂಪುಗೊಳ್ಳುವುದು ಅವಳು ಇನ್ನೂ ತನ್ನ ತಾಯಿಯ ಗರ್ಭದಲ್ಲಿರುವಾಗ. ಅಂದರೆ ಇಂದು ಹುಟ್ಟಿದ ಕೂಸಿನ ಮೂಲ ಅಂಡಾಣು ಅಜ್ಜಿಯ ಮೈಯಲ್ಲಿ, ಅಜ್ಜಿ ಉಂಡ ಅನ್ನದಲ್ಲಿ ಮೂಡಿದ್ದು. ತಾಯಿಯ ಗರ್ಭಕೋಶ, ಸೊಂಟದ ಮೂಳೆ, ಎತ್ತರ ಇವೂ ಅವಳ ಬಾಲ್ಯದಲ್ಲಿಯೇ ಬಹುಪಾಲು ತೀರ್ಮಾನವಾಗಿರುತ್ತವೆ. ತಾನು ಕಡಿಮೆ ತೂಕದಲ್ಲಿ ಹುಟ್ಟಿದ ತಾಯಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆಯನ್ನು ಹೇಳುವಾಗ ನೂಲು ಎಂದರೆ ವಂಶ ಎಂದೇ ನಾವು ತಿಳಿಯುತ್ತೇವೆ. ತಲೆಮಾರಿನಿಂದ ತಲೆಮಾರಿಗೆ ಸಾಗುವುದು ವಂಶವಾಹಿಯೊಂದೇ ಅಲ್ಲ, ಹಸಿವೂ ಸಾಗುತ್ತದೆ.

ನಮ್ಮ ಶಿಶುಗಳ ತೂಕಕ್ಕಿಂತ ಅವುಗಳ ಮೈಯ ರಚನೆ ಇನ್ನೂ ಆಲೋಚನೆಗೆ ಎಡೆಗೊಡುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಮೊದಲು ತೋರಿಸಿದಂತೆ, ಮೈಸೂರಿನಲ್ಲಿಯೂ ಕಂಡುಬಂದಂತೆ, ಇಲ್ಲಿನ ಶಿಶುಗಳಲ್ಲಿ ಕಡಿಮೆಯಾಗಿರುವುದು ಮಾಂಸಖಂಡ. ಚರ್ಮದ ಕೆಳಗಿನ ಕೊಬ್ಬು, ವಿಶೇಷವಾಗಿ ಬೆನ್ನಿನ ಮೇಲ್ಭಾಗದ ಕೊಬ್ಬು, ಯೂರೋಪಿನ ಶಿಶುಗಳಿಗೆ ಹೆಚ್ಚುಕಡಿಮೆ ಸಮವಾಗಿರುತ್ತದೆ. ತೆಳ್ಳಗೆ ಕಂಡರೂ ಕೊಬ್ಬುಳ್ಳ ಶಿಶು. ಇಂಥ ಮಗುವಿಗೆ ಮುಂದೆ ಅತಿಯಾಗಿ ತಿನ್ನಿಸಿ 'ತುಂಬಿಸುವ' ಪ್ರಯತ್ನ ಸಕ್ಕರೆ ಕಾಯಿಲೆಗೆ ದಾರಿ ಮಾಡಬಹುದು.

ಏನು ಮಾಡಬಹುದು?

ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಂಪತಿಗಳು 1983ರಲ್ಲಿ ಒಂದು ನಂಬಿಕೆಯನ್ನು ದಾಖಲಿಸಿದರು. ಹೊಟ್ಟೆಯಲ್ಲಿ ಅನ್ನಕ್ಕೂ ಮಗುವಿಗೂ ಇರುವುದು ಒಂದೇ ಜಾಗ, ಹೆಚ್ಚು ಉಂಡರೆ ಮಗುವಿಗೆ ಇಕ್ಕಟ್ಟು ಎಂಬುದು ಆ ನಂಬಿಕೆ. ಮಗು ದಪ್ಪವಾದರೆ ಹೆರಿಗೆ ಕಷ್ಟ ಎಂಬ ಭಯವೂ ಇದಕ್ಕೆ ಜೊತೆಯಾಗುತ್ತದೆ. ಈ ಭಯವನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಸಿಕ್ಕಿಬಿದ್ದ ಹೆರಿಗೆ ಎಂದರೆ ಸಾವೇ ಆಗಿತ್ತು ಎಂಬುದನ್ನು ನೆನೆದರೆ ಅದರ ಹಿಂದಿನ ವಿವೇಕವೂ ಕಾಣುತ್ತದೆ. ಆದರೆ ಅನ್ನ ಹೋಗುವುದು ಜಠರಕ್ಕೆ, ಮಗು ಬೆಳೆಯುವುದು ಗರ್ಭಕೋಶದಲ್ಲಿ. ಬಸುರಿ ಹೊಟ್ಟೆ ಕಟ್ಟಿದರೆ ಕುಗ್ಗುವುದು ಮಗುವಿನ ಮಾಂಸಖಂಡ.

ಹಾಗೆಂದು ಬಸುರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ಸಾಕೆಂದೂ ಅಲ್ಲ. ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಸೊಪ್ಪು, ಹಣ್ಣು ಮತ್ತು ಹಾಲಿನಿಂದ ತಯಾರಿಸಿದ ತಿಂಡಿಯನ್ನು ಸ್ತ್ರೀಯರಿಗೆ ಬಸಿರಿಗೆ ಮುಂಚಿನಿಂದಲೇ ಕೊಡಲಾಯಿತು. 2014ರಲ್ಲಿ ಪ್ರಕಟವಾದ ಇದರ ಫಲಿತಾಂಶದ ಪ್ರಕಾರ, ಒಟ್ಟಾರೆ ನೋಡಿದರೆ ತೂಕದಲ್ಲಿ ಖಚಿತವಾದ ಏರಿಕೆ ಕಾಣಲಿಲ್ಲ. ಗರ್ಭ ಕಟ್ಟುವುದಕ್ಕೆ ಮೂರು ತಿಂಗಳು ಅಥವಾ ಅದಕ್ಕೂ ಮೊದಲೇ ತಿನ್ನಲು ಆರಂಭಿಸಿದವರಲ್ಲಿ ಸುಮಾರು 48 ಗ್ರಾಂ ಏರಿತ್ತು. ತೀರ ಕೃಶರಾದ ತಾಯಂದಿರಲ್ಲಿ ಈ ಪ್ರಯೋಜನವೂ ಕಾಣಲಿಲ್ಲ. 48 ಗ್ರಾಂ ಎಂದರೆ ವಂಶವಾಹಿ ಅಂಕದ ಒಂದು ಮೆಟ್ಟಿಲಿಗೆ ಸಮ ಎಂಬುದು ಕುತೂಹಲದ ಸಂಗತಿ. ಒಂದು ಮೆಟ್ಟಿಲು ಹುಟ್ಟಿನಿಂದ ಬರುತ್ತದೆ, ಇನ್ನೊಂದನ್ನು ಅಡಿಗೆಮನೆಯಲ್ಲಿ ಕಟ್ಟಬಹುದು.

ಆದುದರಿಂದ ಪೋಷಣೆ ಆರಂಭವಾಗಬೇಕಾದುದು ಹುಡುಗಿಯ ಬಾಲ್ಯದಲ್ಲಿ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಮಗಳು ಮತ್ತು ಸೊಸೆ, ಇಬ್ಬರೂ ಮುಂದಿನ ತಲೆಮಾರಿನ ತೂಕವನ್ನು ತಮ್ಮ ಮೈಯಲ್ಲಿ ಹೊತ್ತಿರುತ್ತಾರೆ. ಹದಿನೆಂಟು ತುಂಬುವ ಮೊದಲು ಮದುವೆಯಾದ ಹುಡುಗಿಯ ಮೈ ಇನ್ನೂ ಬೆಳೆಯುತ್ತಿರುತ್ತದೆ; ತಾಯಿ ಮಗು ಇಬ್ಬರೂ ಒಂದೇ ತಟ್ಟೆಗೆ ಕೈಹಾಕಬೇಕಾಗುತ್ತದೆ. ರಕ್ತಹೀನತೆ, ಹೊಗೆಸೊಪ್ಪು, ಸೌದೆ ಒಲೆಯ ಹೊಗೆ, ಎರಡು ಹೆರಿಗೆಗಳ ನಡುವೆ ಅಂತರವಿಲ್ಲದಿರುವುದು ಇವು ತೂಕ ಕುಗ್ಗಿಸುತ್ತವೆ ಎಂಬುದನ್ನು ಓದುಗರು ಬಲ್ಲರು. ಬಸುರಿಯ ಸಕ್ಕರೆ ಪರೀಕ್ಷೆಯನ್ನು ಮಾತ್ರ ಹಲವರು ಇನ್ನೂ ಅನಾವಶ್ಯಕವೆಂದು ಭಾವಿಸುತ್ತಾರೆ. ಮೈಸೂರಿನ ಅನುಭವವನ್ನು ನೋಡಿದರೆ, ತಾಯಿ ತೆಳ್ಳಗಿರಲಿ ದಪ್ಪಗಿರಲಿ, ಅದನ್ನು ತಪ್ಪಿಸಬಾರದು.

ಕೊನೆಯದಾಗಿ, ತೂಕ ಮಾಡುವ ಕೆಲಸದ ಬಗೆಗೆ ಒಂದು ಮಾತು. ಶಿಶುವನ್ನು ಹುಟ್ಟಿದ ಮೊದಲ ಗಂಟೆಗಳಲ್ಲಿಯೇ, ಬಟ್ಟೆಯಿಲ್ಲದೆ, ಸೊನ್ನೆಗೆ ಸರಿಹೊಂದಿಸಿದ ತಕ್ಕಡಿಯಲ್ಲಿ ತೂಗಿ, ಎಷ್ಟು ವಾರಕ್ಕೆ ಹುಟ್ಟಿತೆಂಬುದರ ಜೊತೆಗೆ ಬರೆಯಬೇಕು. ನಮ್ಮ ದಾಖಲೆಗಳಲ್ಲಿ 2.5 ಕಿಲೋ, 3 ಕಿಲೋ ಎಂಬ ದುಂಡು ಅಂಕಿಗಳು ಗುಂಪುಗೂಡಿರುವುದು ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. 2,430 ಗ್ರಾಂ ಇದ್ದ ಶಿಶುವನ್ನು ಎರಡೂವರೆ ಎಂದು ಬರೆದರೆ ಅದಕ್ಕೆ ಸಿಗಬೇಕಾದ ವಿಶೇಷ ಆರೈಕೆ ತಪ್ಪಿಹೋಗಬಹುದು. ತಾಯಂದಿರು ಈ ಅಂಕಿಯನ್ನು ಕೇಳಿ ತಿಳಿದು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಆ ಕಾರ್ಡನ್ನು ಮಗಳ ಮದುವೆಯಾಗುವವರೆಗಾದರೂ ಜೋಪಾನವಾಗಿಡಬೇಕು. ಅವಳು ಬಸುರಿಯಾಗಿ ತಪಾಸಣೆಗೆ ಹೋದಾಗ, ನೀನು ಹುಟ್ಟುವಾಗ ಎಷ್ಟು ತೂಕವಿದ್ದೆ ಎಂದು ವೈದ್ಯರು ಕೇಳಬಹುದು.